ಮೊದಲ ಬೇಸ್ ಗಿಟಾರ್: ಕಡಿಮೆ ದುಡ್ಡಿಗೆ ಒಳ್ಳೆಯದನ್ನು ಆರಿಸುವ ಬಗೆ

ಗಣಪತಿ ಹಬ್ಬದ ಹೊತ್ತಿಗೆ ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಒಂದು ಆರ್ಕೆಸ್ಟ್ರಾ ಸಿಗುತ್ತದೆ. ಹಾಡುವವರು ಇರುತ್ತಾರೆ, ಕೀಬೋರ್ಡ್ ಇರುತ್ತದೆ, ರಿದಮ್ ಪ್ಯಾಡ್ ಇರುತ್ತದೆ. ಲೀಡ್ ಗಿಟಾರ್ ಕೂಡ ಇರಬಹುದು. ಬೇಸ್ ಗಿಟಾರ್ ಮಾತ್ರ ಅಪರೂಪ. ಆ ಕೆಲಸವನ್ನು ಕೀಬೋರ್ಡ್‌ನವರ ಎಡಗೈ ಮಾಡಿ ಮುಗಿಸುತ್ತದೆ. ಹೀಗಾಗಿ ಇಲ್ಲಿ ಬೇಸ್ ಕಲಿಯಲು ಹೊರಟವರಿಗೆ ಒಂದು ಕಷ್ಟ, ಒಂದು ಲಾಭ. ಕೇಳಿ ತಿಳಿದುಕೊಳ್ಳೋಣ ಅಂದರೆ ಹತ್ತಿರದಲ್ಲಿ ಬೇಸ್ ನುಡಿಸುವವರು ಸುಲಭಕ್ಕೆ ಸಿಗುವುದಿಲ್ಲ. ಆದರೆ ನಾಲ್ಕು ಹಾಡು ತಾಳ ತಪ್ಪದೆ ನುಡಿಸಲು ಬಂದರೆ ಸಾಕು, ಚರ್ಚ್‌ನವರು, ಕಾಲೇಜಿನ ಬ್ಯಾಂಡ್‌ನವರು, ಆರ್ಕೆಸ್ಟ್ರಾದವರು ಹುಡುಕಿಕೊಂಡು ಬರುತ್ತಾರೆ.

ಬೇಸ್‌ನ ಕೆಲಸ ಏನು ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಹಾಡಿದ ಊರುಗಳಿವು, ತಂಬೂರಿ ಕೇಳದವರು ಕಡಿಮೆ. ತಂಬೂರಿಯ ಖರ್ಜದ ತಂತಿ, ಅಂದರೆ ಕೆಳಗಿನ ಸಾ, ನಿಂತುಬಿಟ್ಟರೆ ಉಳಿದ ಮೂರು ತಂತಿ ನುಡಿಯುತ್ತಿದ್ದರೂ ಹಾಡಿಗೆ ಕಾಲೂರಲು ಜಾಗ ಇಲ್ಲದಂತೆ ಆಗುತ್ತದೆ. ಬ್ಯಾಂಡ್‌ನಲ್ಲಿ ಬೇಸ್ ಇರುವುದು ಆ ಜಾಗದಲ್ಲಿ. ಖರ್ಜ ಒಂದೇ ಸ್ವರ ಹಿಡಿದು ಕೂರುತ್ತದೆ, ಬೇಸ್ ಹಾಡಿನ ಜೊತೆ ಓಡಾಡುತ್ತದೆ, ಅಷ್ಟೇ.

ಈಗ ಕೊಳ್ಳುವ ವಿಷಯ. ಹತ್ತರಿಂದ ಇಪ್ಪತ್ತೈದು ಸಾವಿರದೊಳಗೆ ಮೊದಲ ಬೇಸ್ ತೆಗೆದುಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಒಂದೇ: ಆಮೇಲೆ ಬದಲಿಸಲು ಆಗದ ಭಾಗಕ್ಕೆ ದುಡ್ಡು ಕೊಡಿ. ಬೇಸ್‌ನಲ್ಲಿ ಅಂಥ ಭಾಗ ಅಂದರೆ ನೆಕ್, ಎಡಗೈ ಹಿಡಿಯುವ ಉದ್ದನೆಯ ಮರದ ಕತ್ತು. ತಂತಿ, ತಂತಿಯ ಕಂಪನ ಹಿಡಿಯುವ ಪಿಕಪ್, ದನಿ ಏರಿಳಿಸುವ ವಾಲ್ಯೂಮ್ ಪಾಟ್, ತಂತಿ ಬಿಗಿಯುವ ಕೀಗಳು, ಬುಡದಲ್ಲಿ ತಂತಿ ಕೂರುವ ಬ್ರಿಜ್ ಎಲ್ಲವನ್ನೂ ಎರಡು ವರ್ಷ ಬಿಟ್ಟು ಒಂದೊಂದಾಗಿ ಬದಲಿಸಬಹುದು. ನೆಕ್ ತಿರುಚಿಕೊಂಡಿದ್ದರೆ ಏನೂ ಮಾಡಲು ಬರುವುದಿಲ್ಲ. ಬೋಲ್ಟ್ ಬಿಚ್ಚಿ ಬೇರೆ ನೆಕ್ ಕೂರಿಸಬಹುದು, ನಿಜ. ಆದರೆ ಆ ಖರ್ಚಿಗೆ ಇನ್ನೊಂದು ಅಗ್ಗದ ಬೇಸೇ ಬಂದೀತು.

ಅಂಗಡಿಗೆ ಹೋಗುವ ಮೊದಲು ದುಡ್ಡು ಹಂಚಿಕೊಳ್ಳಿ

ಕೈಯಲ್ಲಿ ಇಪ್ಪತ್ತು ಸಾವಿರ ಇದೆ ಅಂದುಕೊಳ್ಳಿ. ಇಪ್ಪತ್ತು ಸಾವಿರದ ಬೇಸ್ ತರಬೇಡಿ. ಹದಿಮೂರು ಸಾವಿರದ ಆಸುಪಾಸಿನ ಬೇಸ್ ನೋಡಿ. ಹೆಡ್‌ಫೋನ್ ಆಂಪ್ ಅಥವಾ ಹಳೆಯದೊಂದು ಸಣ್ಣ ಆಂಪ್‌ಗೆ ಮೂರು ಸಾವಿರ ತೆಗೆದಿಡಿ. ಕೇಬಲ್, ಸ್ಟ್ರ್ಯಾಪ್, ಬ್ಯಾಗ್‌ಗೆ ಒಂದೂವರೆ. ಉಳಿದ ಎರಡೂವರೆ ಸಾವಿರ ಸೆಟಪ್‌ಗೆ (ನೆಕ್‌ನ ಬಾಗು, ತಂತಿಯ ಎತ್ತರ, ಸ್ವರ ಸರಿಮಾಡಿಸುವ ಕೆಲಸ) ಮತ್ತು ಹೊಸ ತಂತಿಗೆ. ಈ ಲೆಕ್ಕ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಹಂಚಿಕೆ ಹೀಗೇ ಇರಲಿ.

ಯಾಕೆ ಅಂದರೆ, ಫ್ಯಾಕ್ಟರಿಯಿಂದ ಬಂದ ಅಗ್ಗದ ಬೇಸ್‌ನಲ್ಲಿ ಸಾಮಾನ್ಯವಾಗಿ ತಂತಿ ಎತ್ತರಕ್ಕೆ ನಿಂತಿರುತ್ತದೆ. ಒತ್ತಿ ಒತ್ತಿ ಬೆರಳು ಬೊಬ್ಬೆ ಬರುತ್ತದೆ. ಕಲಿಯುವವರು ತಮ್ಮ ಕೈಯಲ್ಲೇ ಶಕ್ತಿ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಸೆಟಪ್ ಮಾಡಿಸಿದ ಹದಿಮೂರು ಸಾವಿರದ ಬೇಸ್, ಪೆಟ್ಟಿಗೆಯಿಂದ ತೆಗೆದು ಹಾಗೇ ನುಡಿಸುವ ಇಪ್ಪತ್ತು ಸಾವಿರದ ಬೇಸ್‌ಗಿಂತ ಕೈಗೆ ಹಿತವಾಗಿರುತ್ತದೆ. ಟ್ಯೂನರ್‌ಗೆ ಮಾತ್ರ ದುಡ್ಡು ಬೇಡ, ಮೊಬೈಲ್‌ನಲ್ಲಿ ಪುಕ್ಕಟೆ ಆಪ್ ಸಿಗುತ್ತವೆ.

ಎಷ್ಟು ತಂತಿ, ಎಷ್ಟು ಉದ್ದ

ನಾಲ್ಕು ತಂತಿ ಸಾಕು. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಐದು ತಂತಿಯದರಲ್ಲಿ ಕೆಳಗೊಂದು ಬಿ ಬರುತ್ತದೆ, ಸುಮಾರು 31 ಹರ್ಟ್ಸ್. ಅಗ್ಗದ ಐದು ತಂತಿಯ ಬೇಸ್‌ಗಳಲ್ಲಿ ಈ ಬಿ ತಂತಿ ಬಹಳ ಸಲ ಸಡಿಲವಾಗಿ, ಸ್ವರವೇ ಗೊತ್ತಾಗದ ಹಾಗೆ ನುಡಿಯುತ್ತದೆ. ನೆಕ್ ಕೂಡ ಅಗಲ. ಆರ್ಕೆಸ್ಟ್ರಾದಲ್ಲಿ ಗಾಯಕರು ಪಟ್ಟಿ (ಶ್ರುತಿ) ಇಳಿಸಿದಾಗ ಐದನೇ ತಂತಿ ಉಪಯೋಗಕ್ಕೆ ಬರುವುದು ಹೌದು. ಆದರೆ ಇ ತಂತಿಯನ್ನು ಡಿಗೆ ಇಳಿಸಿಕೊಂಡರೆ ಬಹುಪಾಲು ಹಾಡು ದಾಟಿಹೋಗುತ್ತದೆ.

ಉದ್ದದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ತಲೆಯ ಬಳಿ ತಂತಿ ಕೂರುವ ನಟ್‌ನಿಂದ ಬ್ರಿಜ್‌ವರೆಗೆ ತಂತಿ ನುಡಿಯುವ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಸಾಮಾನ್ಯ ಬೇಸ್‌ನದು 34 ಇಂಚು. ಶಾರ್ಟ್ ಸ್ಕೇಲ್ ಅಂದರೆ 30 ಇಂಚು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಕೈ ತೀರಾ ಸಣ್ಣದಿರುವವರಿಗೆ ಶಾರ್ಟ್ ಸ್ಕೇಲ್ ಒಳ್ಳೆಯದು. ಸ್ಕ್ವಯರ್ ಕಂಪನಿಯ ಬ್ರಾಂಕೊ ಅಂಥದ್ದು. ಉಳಿದವರು 34ಕ್ಕೇ ಹೋಗಿ. ಮಾದರಿ ಜಾಸ್ತಿ, ತಂತಿ ಎಲ್ಲ ಕಡೆ ಸಿಗುತ್ತದೆ, ಮುಂದೆ ಮಾರುವಾಗ ಗಿರಾಕಿಯೂ ಸಿಗುತ್ತಾರೆ.

ಕೈ ಸಾಲುತ್ತದೋ ಇಲ್ಲವೋ ನೋಡಲು ಕುರ್ಚಿಯ ಮೇಲೆ ಕೂತು ಬೇಸ್ ತೊಡೆಯ ಮೇಲೆ ಇಟ್ಟುಕೊಳ್ಳಿ. ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ, ಎಣಿಸುವುದು ನಟ್ ಕಡೆಯಿಂದ. ತೋರುಬೆರಳು ಒಂದನೇ ಫ್ರೆಟ್‌ನಲ್ಲಿ, ಕಿರುಬೆರಳು ನಾಲ್ಕನೇ ಫ್ರೆಟ್‌ನಲ್ಲಿ. ಮುಟ್ಟದಿದ್ದರೆ ಗಾಬರಿ ಬೇಡ. ಬಹಳ ಜನ ಅಲ್ಲಿ ಮೂರು ಫ್ರೆಟ್‌ಗೆ ನಾಲ್ಕು ಬೆರಳು ಬಳಸುತ್ತಾರೆ. ನೋಡಬೇಕಾದದ್ದು ಮಣಿಕಟ್ಟು. ಅದು ಪೂರ್ತಿ ಮಡಚಿ ನೋಯುತ್ತಿದ್ದರೆ ಆ ಬೇಸ್ ನಿಮಗಲ್ಲ.

ಪಿಕಪ್: ಪಿ, ಜೆ, ಇಲ್ಲ ಎರಡೂ

ಅಗ್ಗದ ಬೇಸ್‌ಗಳೆಲ್ಲ ಹೆಚ್ಚುಕಡಿಮೆ ಎರಡು ಹಳೆ ನಮೂನೆಗಳ ಮಕ್ಕಳು, ಮೊಮ್ಮಕ್ಕಳು. ಒಂದು ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್, ಇನ್ನೊಂದು 1960ರಲ್ಲಿ ತಂದ ಜಾಝ್. ಅಂಗಡಿಯವರು ಪಿ, ಜೆ ಅನ್ನುವುದು ಇವನ್ನೇ. ಪಿ ನಮೂನೆಯಲ್ಲಿ ನಡುವೆ ಎರಡು ತುಂಡಾದ ಒಂದೇ ಪಿಕಪ್ ಇರುತ್ತದೆ. ದನಿ ದಪ್ಪ, ನೇರ. ಜೆ ನಮೂನೆಯಲ್ಲಿ ಎರಡು ಉದ್ದ ಪಿಕಪ್. ದನಿಯಲ್ಲಿ ಮೊನೆ ಜಾಸ್ತಿ, ಬದಲಿಸಲು ಅವಕಾಶವೂ ಜಾಸ್ತಿ. ಇದರ ನೆಕ್ ನಟ್ ಹತ್ತಿರ ಸುಮಾರು 38 ಮಿಲಿಮೀಟರ್ ಅಗಲ, ಪಿಯದು 41ರ ಹತ್ತಿರ. ಮೂರು ಮಿಲಿಮೀಟರ್ ಏನು ಮಹಾ ಅನಿಸಬಹುದು, ಕೈಗೆ ಮಾತ್ರ ಆ ಫರಕು ತಕ್ಷಣ ಗೊತ್ತಾಗುತ್ತದೆ. ಎರಡೂ ಸೇರಿಸಿದ್ದು ಪಿಜೆ.

ಇಲ್ಲಿ ನಮ್ಮ ಊರಿನದೇ ಒಂದು ಲೆಕ್ಕ ಇದೆ. ಪೆಂಡಾಲಿನ ಸ್ಟೇಜ್‌ನಲ್ಲಿ ನುಡಿಸಿದವರಿಗೆ ಆ ಗುಂಯ್ ಅನ್ನುವ ಹಮ್ ಗೊತ್ತು. ಸೀರಿಯಲ್ ಸೆಟ್, ಜನರೇಟರ್, ಹೆಂಗೆಂಗೋ ಎಳೆದ ವೈರು. ನಮ್ಮ ಕರೆಂಟಿನ ಹಮ್ 50 ಹರ್ಟ್ಸ್. ಬೇಸ್‌ನ ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಅಂದರೆ ಹಮ್ ಬಂದು ಕೂರುವುದು ಬೇಸ್‌ನ ಜಾಗದಲ್ಲೇ. ಪಿ ಪಿಕಪ್‌ನ ಎರಡು ತುಂಡುಗಳನ್ನು ಒಂದಕ್ಕೊಂದು ಎದುರಾಗಿ ಸುತ್ತಿರುವುದರಿಂದ ಪಿಕಪ್ ಹಿಡಿಯುವ ಹಮ್ ಅಲ್ಲೇ ಕಳೆದುಹೋಗುತ್ತದೆ. ಜೆಯಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇಟ್ಟಾಗ ಕಳೆಯುತ್ತದೆ, ಒಂದನ್ನು ಇಳಿಸಿದ ಕೂಡಲೇ ಹಮ್ ಶುರು. ಅರ್ತಿಂಗ್ ಇಲ್ಲದ್ದಕ್ಕೆ ಬರುವ ಸದ್ದಿಗೆ ಯಾವ ಪಿಕಪ್ಪೂ ಔಷಧ ಅಲ್ಲ. ಆದರೂ ಹೊರಗೆ ನುಡಿಸುವ ಆಸೆ ಇರುವ ಹೊಸಬರಿಗೆ ಪಿ ಅಥವಾ ಪಿಜೆ ಅಂತಲೇ ನಾನು ಹೇಳುವುದು.

ಇನ್ನು ಪ್ಯಾಸಿವ್, ಆ್ಯಕ್ಟಿವ್. ಆ್ಯಕ್ಟಿವ್ ಬೇಸ್ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ, ದನಿ ಏರಿಳಿಸುವ ಗುಂಡಿ ಜಾಸ್ತಿ. ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸದಿದ್ದರೂ. ಮೊದಲ ಬೇಸ್‌ಗೆ ಬ್ಯಾಟರಿ ಇಲ್ಲದ ಪ್ಯಾಸಿವ್ ಸಾಕು. ಕೆಡುವ ಭಾಗ ಅದರಲ್ಲಿ ಕಡಿಮೆ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಹುಬ್ಬಳ್ಳಿ-ಧಾರವಾಡದ ವಾದ್ಯದ ಅಂಗಡಿಗಳು ಮುಖ್ಯವಾಗಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಅಕೌಸ್ಟಿಕ್ ಗಿಟಾರ್ ಮೇಲೆ ನಡೆಯುತ್ತವೆ. ಬೇಸ್ ಒಂದೋ ಎರಡೋ ಗೋಡೆಗೆ ತೂಗಿರುತ್ತವೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ: ಬೇಸ್ ಇದೆಯಾ, ಆಂಪ್‌ಗೆ ಹಾಕಿ ತೋರಿಸುತ್ತೀರಾ? ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ. ಜೊತೆಗೆ ಆರಿಂಚಿನ ಸ್ಟೀಲ್ ಸ್ಕೇಲ್, ಒಂದು ವಿಸಿಟಿಂಗ್ ಕಾರ್ಡ್, ಟ್ಯೂನರ್ ಆಪ್ ಇರುವ ಫೋನ್ ಇರಲಿ. ಇಷ್ಟೇ ಸಾಮಾನು.

ಮೊದಲು ಟ್ಯೂನ್ ಮಾಡಿ. ತಂತಿ ಸಡಿಲ ಇದ್ದಾಗ ನೆಕ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಿಗಿದಾಗ ಮಾತ್ರ ಅದು ತನ್ನ ನಿಜ ರೂಪ ತೋರಿಸುತ್ತದೆ.

ಟ್ಯೂನ್ ಆದ ಮೇಲೆ ಬೇಸ್‌ನ ಬುಡವನ್ನು ಕಣ್ಣಿನ ಹತ್ತಿರ ಹಿಡಿದು, ಬ್ರಿಜ್ ಕಡೆಯಿಂದ ತಲೆಯ ಕಡೆಗೆ ನೆಕ್ ಉದ್ದಕ್ಕೂ ನೋಡಿ. ಟ್ಯೂಬ್‌ಲೈಟ್ ಎದುರಿಗಿದ್ದರೆ ಇನ್ನೂ ಒಳ್ಳೆಯದು. ಎರಡೂ ಅಂಚು ಒಂದೇ ಥರ ಓಡಬೇಕು. ಎಡಗಡೆ ಅಂಚು ಮೇಲೆ, ಬಲಗಡೆ ಕೆಳಗೆ ಅಂತ ನೆಕ್ ತಿರುಚಿದ್ದರೆ ಅಲ್ಲೇ ಕೆಳಗಿಟ್ಟುಬಿಡಿ. ಎಷ್ಟು ಕಡಿಮೆ ಮಾಡಿಕೊಟ್ಟರೂ ಬೇಡ. ಅದಕ್ಕೆ ಮದ್ದಿಲ್ಲ.

ತಿರುಚಿಲ್ಲ ಅಂದರೆ ಬಾಗು ನೋಡಿ. ಇ ತಂತಿಯನ್ನು ಎಡಗೈಯಿಂದ ಒಂದನೇ ಫ್ರೆಟ್‌ನಲ್ಲಿ ಒತ್ತಿ. ಬಲಗೈಯಿಂದ ನೆಕ್ ಮತ್ತು ಬಾಡಿ ಸೇರುವ ಜಾಗದ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನಿಮಗೆ ನೇರ ಗೆರೆ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಜೊತೆಗೆ ಬಂದವರಿಗೆ ವಿಸಿಟಿಂಗ್ ಕಾರ್ಡ್ ತೂರಿಸಲು ಹೇಳಿ. ಕಾರ್ಡ್ ತಂತಿಯನ್ನು ಅಲುಗಿಸದೆ ಹಿತವಾಗಿ ಹೋದರೆ ಸರಿಯಾಗಿದೆ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ನಾಲ್ಕು ಕಾರ್ಡ್ ಹೋಗುವಷ್ಟು ಇದ್ದರೆ ಮುಂದಕ್ಕೆ ಬಾಗಿದೆ. ಈ ಎರಡಕ್ಕೂ ಪರಿಹಾರ ಇದೆ, ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳು ಇರುತ್ತದೆ. ಅಂಗಡಿಯವರ ಹತ್ತಿರ ಅಲೆನ್ ಕೀ ಇದ್ದರೆ ಅವರ ಕೈಯಿಂದಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. ಸಂದು ಬದಲಾದರೆ ರಾಡ್ ಜೀವಂತ ಇದೆ. ತಿರುಗದೇ ಕಚ್ಚಿಕೊಂಡಿದ್ದರೆ ಆ ಬೇಸ್ ಬೇಡ.

ಇಲ್ಲಿ ಒಂದು ಮಾತು ಖಂಡಿತ ಕಿವಿಗೆ ಬೀಳುತ್ತದೆ. "ಹೊಸಾದು ಐತಿ ತಮ್ಮಾ, ನುಡಸ್ತಾ ನುಡಸ್ತಾ ಸರಿ ಆಕ್ಕೈತಿ." ಆಗುವುದಿಲ್ಲ. ನುಡಿಸಿದರೆ ಬೆರಳು ಗಟ್ಟಿ ಆಗುತ್ತದೆ, ನೆಕ್ ನೇರ ಆಗುವುದಿಲ್ಲ. ಜಗಳ ಬೇಡ. "ಹೌದ್ರೀ ಅಣ್ಣಾ, ಆದ್ರ ಇನ್ನೊಂದು ಪೀಸ್ ಇದ್ರ ತೋರಸ್ರಿ" ಅಂದರೆ ಮುಗಿಯಿತು. ಅಗ್ಗದ ವಾದ್ಯಗಳಲ್ಲಿ ಒಂದೇ ಕಂಪನಿ, ಒಂದೇ ಮಾದರಿ, ಎರಡು ಪೀಸ್ ನಡುವೆ ಅಜಗಜಾಂತರ ಇರುತ್ತದೆ.

ಮುಂದೆ ಆ್ಯಕ್ಷನ್, ಅಂದರೆ ತಂತಿಯ ಎತ್ತರ. ಸ್ಟೀಲ್ ಸ್ಕೇಲನ್ನು ಹನ್ನೆರಡನೇ ಫ್ರೆಟ್ ಮೇಲೆ ನಿಲ್ಲಿಸಿ. ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳಗಿನವರೆಗೆ ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಚೆನ್ನ. ಮೂರೂವರೆ, ನಾಲ್ಕು ಇದ್ದರೂ ಹೆದರಬೇಡಿ, ಬ್ರಿಜ್‌ನಲ್ಲಿ ಒಂದೊಂದು ತಂತಿ ಕೂರುವ ಸ್ಯಾಡಲ್‌ಗಳ ಸಣ್ಣ ಸ್ಕ್ರೂ ಇಳಿಸಿದರೆ ಸರಿಹೋಗುತ್ತದೆ. ಆದರೆ ಸ್ಯಾಡಲ್ ಈಗಾಗಲೇ ತಳ ಮುಟ್ಟಿದ್ದು, ಆದರೂ ತಂತಿ ಎತ್ತರ ಇದ್ದರೆ ಇಳಿಸಲು ಜಾಗವೇ ಇಲ್ಲ. ನೆಕ್ ಕೂರಿಸಿದ ಕೋನವೇ ತಪ್ಪು. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಆಮೇಲೆ ಬೇಸರ ಬರಿಸುವ ಕೆಲಸ, ಬಿಡಬೇಡಿ. ನಾಲ್ಕೂ ತಂತಿಯ ಪ್ರತಿ ಫ್ರೆಟ್ ಒತ್ತಿ ಒಂದೊಂದು ಸಲ ಮೀಟಿ. 20 ಫ್ರೆಟ್ ಇದ್ದರೆ 80 ಜಾಗ, 24 ಇದ್ದರೆ 96. ಐದು ನಿಮಿಷ ಹಿಡಿಯುತ್ತದೆ. ಎಲ್ಲಾದರೂ ಝರ್ ಅಂದರೆ, ಅಥವಾ ಎರಡು ಅಕ್ಕಪಕ್ಕದ ಫ್ರೆಟ್‌ನಲ್ಲಿ ಒಂದೇ ಸ್ವರ ಬಂದರೆ, ಅಲ್ಲಿ ಫ್ರೆಟ್ ಎದ್ದಿದೆ. ಗಟ್ಟಿಯಾಗಿ ಹೊಡೆದಾಗ ಸ್ವಲ್ಪ ಝರ್ ಅನ್ನುವುದು ತಪ್ಪಲ್ಲ, ಆಂಪ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸಾಯುತ್ತದೆ ಅಂತ ಅನಿಸಿದರೆ ಅದೂ ದೋಷ ಅಲ್ಲ. ದುಬಾರಿ ಬೇಸ್‌ಗಳಲ್ಲೂ ಅದು ಇದ್ದದ್ದೇ.

ಹೆಬ್ಬೆರಳನ್ನು ನೆಕ್ ಅಂಚಿನ ಉದ್ದಕ್ಕೆ ಸವರಿ. ಫ್ರೆಟ್ ತುದಿ ಚುಚ್ಚುತ್ತದೆಯಾ? ನಮ್ಮ ಕಡೆ ಮಾರ್ಚ್ ದಾಟಿದರೆ ಗಾಳಿ ಒಣಗುತ್ತದೆ, ಗದಗದ ಕಡೆ ಇನ್ನೂ ಜಾಸ್ತಿ. ಮರ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ, ತುದಿಗಳು ಹೊರಗೆ ಇಣುಕುತ್ತವೆ. ಸಣ್ಣ ಅರದಿಂದ ಉಜ್ಜಿದರೆ ಹೋಗುತ್ತದೆ, ಆದರೆ ಬೆಲೆ ಚೌಕಾಸಿ ಮಾಡಲು ಇದು ಒಳ್ಳೆ ನೆಪ.

ಸ್ವರ ಸರಿ ಇದೆಯಾ ನೋಡಲು ತಂತಿಯನ್ನು ಖಾಲಿ ಬಿಟ್ಟು ಒಮ್ಮೆ, ಹನ್ನೆರಡನೇ ಫ್ರೆಟ್ ಒತ್ತಿ ಒಮ್ಮೆ ಟ್ಯೂನರ್‌ಗೆ ಕೇಳಿಸಿ. ಎರಡೂ ಅದೇ ಸ್ವರ ತೋರಿಸಬೇಕು. ಸ್ವಲ್ಪ ಆಚೀಚೆ ಇದ್ದರೆ ಸ್ಯಾಡಲ್ ಹಿಂದೆ ಮುಂದೆ ಸರಿಸಿ ಸರಿಮಾಡಬಹುದು.

ಆಂಪ್‌ಗೆ ಹಾಕಿದ ಮೇಲೆ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ. ಕರ್ ಕರ್ ಅಂದರೆ ಧೂಳು, ಸ್ಪ್ರೇ ಹೊಡೆದರೆ ಹೋಗುತ್ತದೆ. ಕೇಬಲ್ ಚುಚ್ಚುವ ಜಾಕ್ ಹತ್ತಿರ ಮೆಲ್ಲಗೆ ಅಲ್ಲಾಡಿಸಿದಾಗ ದನಿ ಹೋಗಿ ಬಂದರೆ ಬೆಸುಗೆ ಬಿಟ್ಟಿದೆ. ಇವೆಲ್ಲ ಸಣ್ಣ ಕೆಲಸ. ರೇಡಿಯೋ, ಆಂಪ್ ರಿಪೇರಿ ಮಾಡುವವರು ಯಾರಾದರೂ ಮಾಡಿಕೊಡುತ್ತಾರೆ.

ಕೊನೆಗೆ ಸ್ಟ್ರ್ಯಾಪ್ ಹಾಕಿ ಎದ್ದು ನಿಲ್ಲಿ. ಎರಡೂ ಕೈ ಬಿಡಿ. ತಲೆ ನೆಲದ ಕಡೆ ವಾಲಿದರೆ ಹಾಡು ಪೂರ್ತಿ ಎಡಗೈ ಅದನ್ನು ಎತ್ತಿ ಹಿಡಿಯಬೇಕು. ಕೂತು ನೋಡಿದಾಗ ಇದು ಗೊತ್ತಾಗುವುದಿಲ್ಲ. ಬೇಸ್‌ಗಳು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಕಿಲೋ ತೂಗುತ್ತವೆ. ಒಂದು ಗಂಟೆ ಭುಜದ ಮೇಲೆ ಹೊತ್ತವರಿಗೆ ಆ ಒಂದು ಕಿಲೋ ಬೆಲೆ ಗೊತ್ತು.

ಬಣ್ಣದ ಬಗ್ಗೆ ಏನೂ ಹೇಳಲಿಲ್ಲ ಅಂತ ಕೇಳಬೇಡಿ. ಎರಡು ಪೀಸ್ ಎಲ್ಲದರಲ್ಲೂ ಸಮ ಇದ್ದಾಗ ಬಣ್ಣ ನೋಡಿ.

ಯಾವ ಕಂಪನಿ

ಯಮಹಾದ ಟಿಆರ್‌ಬಿಎಕ್ಸ್ 174, ಐಬನೆಜ್‌ನ ಜಿಎಸ್‌ಆರ್ ಸಾಲು, ಕೋರ್ಟ್‌ನ ಆ್ಯಕ್ಷನ್ ಸಾಲು, ಫೆಂಡರ್‌ನವರದೇ ಅಗ್ಗದ ಬ್ರಾಂಡ್ ಆದ ಸ್ಕ್ವಯರ್. ಹೊಸಬರಿಗೆ ಈ ನಾಲ್ಕು ಹೆಸರು ಸಾಕು. ಯಮಹಾ 174ರಲ್ಲಿ ಪಿಜೆ ಪಿಕಪ್, 24 ಫ್ರೆಟ್, ಪ್ಯಾಸಿವ್. ನನ್ನನ್ನು ಕೇಳಿದರೆ ಮೊದಲು ತೋರಿಸುವುದು ಇದನ್ನೇ. ಐಬನೆಜ್‌ನ ನೆಕ್ ತೆಳು, ಬಾಡಿ ಚಿಕ್ಕದು, ಸಣ್ಣ ಕೈಯವರಿಗೆ ಹಿಡಿಸುತ್ತದೆ. ಸ್ಕ್ವಯರ್‌ಗೆ ಮರುಮಾರಾಟದ ಬೆಲೆ ಚೆನ್ನಾಗಿರುತ್ತದೆ, ತಲೆಯ ಮೇಲಿನ ಹೆಸರಿಗೂ ಒಂದಿಷ್ಟು ದುಡ್ಡು ಸೇರಿರುತ್ತದೆ. ಹತ್ತು ಸಾವಿರದೊಳಗಿನ ಹೊಸ ಬೇಸ್‌ಗಳಲ್ಲೂ ಒಳ್ಳೆ ಪೀಸ್ ಇಲ್ಲ ಅಂತಲ್ಲ. ಅವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ, ಅಷ್ಟೇ.

ಎಲ್ಲಿ ಕೊಳ್ಳುವುದು

ಊರಿನ ಅಂಗಡಿಯಲ್ಲಿ ಬೆಲೆ ಆನ್‌ಲೈನ್‌ಗಿಂತ ಒಂದೆರಡು ಸಾವಿರ ಜಾಸ್ತಿ ಇರಬಹುದು. ಆದರೆ ನೀವು ನೋಡಿದ ಪೀಸೇ ನಿಮ್ಮ ಮನೆಗೆ ಬರುತ್ತದೆ. ನನಗೆ ಆ ಒಂದೆರಡು ಸಾವಿರ ದಂಡ ಅನಿಸುವುದಿಲ್ಲ. ಕೊಂಡ ಮೇಲೆ ಬಿಲ್ ಮೇಲೆ ಮಾದರಿ, ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಆನ್‌ಲೈನ್ ತರಿಸುವುದಾದರೆ ವಾಪಸ್ ಪಡೆಯುವ ನಿಯಮ ಓದಿ, ಬಾಕ್ಸ್ ಬಿಚ್ಚುವಾಗ ವಿಡಿಯೋ ಮಾಡಿ. ಬಂದ ದಿನವೇ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ. ವಾರ ಬಿಟ್ಟು ನೆಕ್ ತಿರುಚಿದ್ದು ಕಂಡರೆ ಯಾರೂ ಕೇಳುವುದಿಲ್ಲ. ಇನ್ನೊಂದು ಎಚ್ಚರ: ರಿವ್ಯೂ ವಿಡಿಯೋ ನೋಡಿ ದನಿ ಆರಿಸಬೇಡಿ. ಬೇಸ್‌ನ ಖಾಲಿ ಇ ತಂತಿ 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನಿಮಗೆ ಕೇಳುವುದು ಮೇಲಿನ ಉಪಸ್ವರಗಳು ಮಾತ್ರ. ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ನಮ್ಮಲ್ಲಿ ಸುಮ್ನೆ ಅನುಮಾನ ಜಾಸ್ತಿ. ಬೇಸ್ ಮಟ್ಟಿಗೆ ಹಳೆಯದು ಕೆಟ್ಟದ್ದಲ್ಲ. ಐದು ವರ್ಷ ಬಿಸಿಲು ಮಳೆ ಕಂಡೂ ನೇರ ಉಳಿದ ನೆಕ್ ಮುಂದೆಯೂ ಉಳಿಯುವ ಸಾಧ್ಯತೆ ಜಾಸ್ತಿ. ಹೊಸ ನೆಕ್ ಬಗ್ಗೆ ಆ ಭರವಸೆ ಇಲ್ಲ. ಹೊಸದರ ಅರ್ಧ ಬೆಲೆಯಿಂದ ಮಾತು ಶುರು ಮಾಡಿ. ಬೆಂಗಳೂರು, ಪುಣೆ, ಗೋವಾ ಕಡೆ ಮಾರಾಟಕ್ಕೆ ಇರುವ ಹಳೆ ಬೇಸ್‌ಗಳನ್ನೂ ನೋಡುತ್ತಿರಿ. ಗೋವಾದಲ್ಲಿ ಬ್ಯಾಂಡ್‌ಗಳು ಜಾಸ್ತಿ, ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರವೂ ಹೌದು. ಆದರೆ ಕಡಲ ಗಾಳಿಯ ವಾದ್ಯ ಅನ್ನುವುದು ನೆನಪಿರಲಿ. ಬ್ರಿಜ್‌ನ ಸ್ಕ್ರೂ ತುಕ್ಕು ಹಿಡಿದು ತಿರುಗದಿದ್ದರೆ, ಫ್ರೆಟ್ ಹಸಿರು ಬಂದಿದ್ದರೆ, ಟ್ರಸ್ ರಾಡ್‌ನ ಅಲೆನ್ ತೂತು ಸವೆದು ದುಂಡಗಾಗಿದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲ ಬಿಟ್ಟುಬಿಡಿ. ಹಳೆ ತಂತಿ ಹೇಗಿದ್ದರೂ ಬದಲಿಸಬೇಕು. ಒಳ್ಳೆ ಸೆಟ್‌ಗೆ ಒಂದೂವರೆಯಿಂದ ಎರಡೂವರೆ ಸಾವಿರ ಆಗುತ್ತದೆ. ಅದನ್ನು ಬೆಲೆಯಲ್ಲಿ ಮೊದಲೇ ಸೇರಿಸಿ ಲೆಕ್ಕ ಹಾಕಿ.

ತರುವಾಗ ಜೋಕೆ. ಬೇಸ್ ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಬಾಗಿಲಲ್ಲಿ ಬೆನ್ನಿಗೆ ಹಾಕಿಕೊಂಡು ತಿರುಗಿದರೆ ತಲೆಯ ಭಾಗ ಮೊದಲು ಬಡಿಯುತ್ತದೆ. ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಹತ್ತಿ.

ಆಂಪ್ ಬೇಕಾ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಕೆಳಗಿನ ಸ್ವರ ಗೋಡೆ ದಾಟಿ ಹೋಗುತ್ತದೆ, ಪಕ್ಕದ ಮನೆಯ ಅಜ್ಜಿಗೆ ಹಾಡು ಕೇಳಿಸುವುದಿಲ್ಲ, ಬರೀ ಧಡ್ ಧಡ್ ಕೇಳಿಸುತ್ತದೆ. ಅಂಥ ಕಡೆ ಬೇಸ್‌ಗೆ ನೇರ ಚುಚ್ಚುವ ಹೆಡ್‌ಫೋನ್ ಆಂಪ್ ಸಾಕು. ಒಂದು ವರ್ಷ ಅದರಲ್ಲೇ ಕಲಿಯಬಹುದು. ಜಾಗ ಇದ್ದರೆ 20-25 ವ್ಯಾಟ್‌ನ ಬೇಸ್ ಆಂಪ್ ನೋಡಿ. ಮನೆಯಲ್ಲಿರುವ ಗಿಟಾರ್ ಆಂಪ್‌ಗೆ ಸಣ್ಣ ದನಿಯಲ್ಲಿ ಹಾಕಿದರೆ ತೊಂದರೆ ಇಲ್ಲ, ದನಿ ಏರಿಸಿದರೆ ಸ್ಪೀಕರ್ ಹರಿದೀತು. ಹೋಮ್ ಥಿಯೇಟರ್‌ಗೂ ಅದೇ ಮಾತು. ಡ್ರಮ್ ಜೊತೆ ನುಡಿಸಲು ಈ ಸಣ್ಣ ಆಂಪ್ ಸಾಲುವುದಿಲ್ಲ. ಆದರೆ ಅದಕ್ಕಾಗಿ ದೊಡ್ಡ ಆಂಪ್ ಕೊಳ್ಳಬೇಕಿಲ್ಲ. ಚರ್ಚ್‌ನಲ್ಲಿ, ಆರ್ಕೆಸ್ಟ್ರಾದಲ್ಲಿ ಸೌಂಡ್‌ನವರು ಡಿಐ ಬಾಕ್ಸ್ ಅನ್ನುವ ಸಣ್ಣ ಜೋಡಣೆ ಪೆಟ್ಟಿಗೆಯ ಮೂಲಕ ನೇರ ಮಿಕ್ಸರ್‌ಗೆ ಹಾಕಿಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ

ಎರಡು ವಾರ ಮನೆಯ ಹವೆಗೆ ಹೊಂದಿಕೊಳ್ಳಲಿ, ಆಮೇಲೆ ಸೆಟಪ್ ಮಾಡಿಸಿ. ಗಿಟಾರ್ ಕಲಿಸುವವರನ್ನು ಕೇಳಿದರೆ ಮಾಡುವವರ ಹೆಸರು ಸಿಗುತ್ತದೆ. ಹಾರ್ಮೋನಿಯಂ, ಸಿತಾರ್ ರಿಪೇರಿ ಮಾಡುವ ಕುಶಲಿಗಳಿಗೆ ಟ್ರಸ್ ರಾಡ್ ಪರಿಚಯ ಇರಬೇಕೆಂದೇನಿಲ್ಲ. ಕೇಳಿಯೇ ಕೊಡಿ. ನೀವೇ ಕಲಿಯುವುದಾದರೆ ನಿಯಮ ಇಷ್ಟು: ಒಂದು ದಿನಕ್ಕೆ ಕಾಲು ಸುತ್ತು, ಜಾಸ್ತಿ ಬೇಡ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಂದಕ್ಕೆ ಬಾಗಿದ ನೆಕ್ ನೇರ ಆಗುತ್ತದೆ. ಮತ್ತೆ ಟ್ಯೂನ್ ಮಾಡಿ, ಮರುದಿನ ಕಾರ್ಡ್ ತೂರಿಸಿ ನೋಡಿ.

ಧಾರವಾಡದಲ್ಲಿ ಜೂನ್‌ನಿಂದ ಗೋಡೆಯೇ ಬೆವರುತ್ತದೆ, ಏಪ್ರಿಲ್‌ನಲ್ಲಿ ಬಾಗಿಲು ಬಿರುಕು ಬಿಡುತ್ತದೆ. ನೆಕ್ ಕೂಡ ಮರವೇ ಅಲ್ವಾ. ವರ್ಷಕ್ಕೆ ಎರಡು ಸಲ, ಮಳೆ ಹಿಡಿದಾಗ ಮತ್ತು ಬೇಸಿಗೆ ಬಂದಾಗ, ಬಾಗು ನೋಡಿಕೊಳ್ಳಿ. ತಗಡಿನ ಕೆಳಗಿನ ಅಟ್ಟದ ಮೇಲೆ, ಹೊರಗೋಡೆಗೆ ಒರಗಿಸಿ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ.

ಹಾರ್ಮೋನಿಯಂ ಪಟ್ಟಿ ಗೊತ್ತಿರುವವರಿಗೆ ಬೇಸ್ ತಂತಿಗಳ ಲೆಕ್ಕ ಬಹಳ ಸುಲಭ. ಇ ಅಂದರೆ ಬಿಳಿ ಮೂರು, ಎ ಅಂದರೆ ಬಿಳಿ ಆರು, ಡಿ ಅಂದರೆ ಬಿಳಿ ಎರಡು, ಜಿ ಅಂದರೆ ಬಿಳಿ ಐದು. ಒಂದು ತಂತಿಯನ್ನು ಸಾ ಅಂದರೆ ಅದರ ಮುಂದಿನ ತಂತಿ ಶುದ್ಧ ಮ. ಒಂದೊಂದು ಫ್ರೆಟ್‌ಗೆ ಹಾರ್ಮೋನಿಯಂನ ಒಂದೊಂದು ಮನೆ, ಬಿಳಿ ಕರಿ ಎರಡೂ ಸೇರಿಸಿ. ಹಾಡುವವರು ಕರಿ ಒಂದು ಅಂದರೆ ಎ ತಂತಿಯ ನಾಲ್ಕನೇ ಫ್ರೆಟ್‌ಗೆ ಹೋಗಿ. ಕರಿ ಎರಡು ಅಂದರೆ ಅದೇ ತಂತಿಯ ಆರನೇ ಫ್ರೆಟ್. ಬಿಳಿ ಐದಕ್ಕೆ ಇ ತಂತಿಯ ಮೂರನೆಯದು. ಮೊದಲ ತಿಂಗಳು ಸಾ ಮತ್ತು ಪ ಎರಡನ್ನೇ ತಬಲಾ ಆಪ್‌ನ ದಾದ್ರಾ, ಕೆಹರವಾ ಜೊತೆ ನುಡಿಸಿ. ಸಾ ಇರುವ ಫ್ರೆಟ್‌ನಿಂದ ಪಕ್ಕದ ತೆಳು ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಹೋದರೆ ಪ ಸಿಗುತ್ತದೆ, ಯಾವ ಪಟ್ಟಿ ಆದರೂ. ಹೊಸ ತಂತಿ ಎರಡು ಮೂರು ದಿನ ಇಳಿಯುತ್ತಲೇ ಇರುತ್ತದೆ, ಕೂತಾಗಲೆಲ್ಲ ಒಮ್ಮೆ ಟ್ಯೂನ್ ಮಾಡಿಕೊಂಡು ಶುರು ಮಾಡಿ.